ಮೇಲೊಂದು ರೂಪಾಯಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ತೂಕ ಬರೆಯುವ ಕೆಲಸ ನನ್ನದು.
ಸಂಜೆ ಬಂದು ಎಷ್ಟು ಉಜ್ಜಿ ತೊಳೆದರೂ
ಬೆರಳ ಸಂದಿಯಲ್ಲಿ ಹುಳುವಿನ ವಾಸನೆ.
ಆ ಕೈಯಲ್ಲೇ ಮನೆಯ ಲೆಕ್ಕ:
ಹಾಲಿನದು ಕ್ಯಾಲೆಂಡರಿನ ಚೌಕದಲ್ಲಿ,
ಮಿಕ್ಕದ್ದು ಮಗಳ ಹಳೇ ಕಾಪಿ ಪುಸ್ತಕದ ಹಿಂಬದಿ.

ಮಹಡಿ ಮನೆಗೆ ಬಾಡಿಗೆಗೆ ಬಂದವಳು ಸಚಿಯೆ,
ಜಪಾನಿನವಳು, ನೂಲು ತೆಗೆಯುವುದ ಕಲಿಸಲು
ಎರಡು ವರ್ಷಕ್ಕೆಂದು ಬಂದವಳು.
ನಮ್ಮ ಓಣಿಯ ಬಾಯಲ್ಲಿ ಶಶಿಯಮ್ಮ.
ಅವಳ ಹತ್ತಿರವೂ ಒಂದು ಪುಸ್ತಕ;
ಕಾಗದ ಬರೆಯುವ ಅಭ್ಯಾಸವಿಲ್ಲದ ತಾಯಿ
ಮನೆಯ ಲೆಕ್ಕ ಕೊಟ್ಟು ಕಳಿಸಿದ್ದಳು.

ಕರೆಂಟು ಹೋದ ಒಂದು ರಾತ್ರಿ
ಮೆಟ್ಟಿಲ ಮೇಲೆ ಕೂತು ಎರಡನ್ನೂ ಬಿಚ್ಚಿದೆವು.
ಮೊಬೈಲಿನ ಬೆಳಕು. ಅವಳು ಯೆನ್ನನ್ನು ರೂಪಾಯಿಗೆ ಇಳಿಸುತ್ತ,
ನಾನು ನೆನೆದ ಅವರೆಕಾಳು ಹಿಚುಕುತ್ತ.

ನೂರಕ್ಕೆ ಎಷ್ಟು ಅಂತ ಹಾಕೋಣ ಅಕ್ಕ, ಅಂದಳು,
ಇಲ್ಲಾಂದ್ರೆ ನಿಮ್ಮನೆ ಬಡವಾಗಿ ಕಾಣುತ್ತೆ.
ನೂರಕ್ಕೆ ಹಾಕಿದೆವು. ಆಗಲೂ ಕಂಡಿತು.
ಹೊಟ್ಟೆಗೆ ನಮ್ಮದು ನಲವತ್ತೇಳು, ಅವರದು ಇಪ್ಪತ್ತಾರು.
ಅಲ್ಲಿ ಮೀನಿಗೊಂದು ಸಾಲು, ಅಣಬೆಗೊಂದು;
ಇಲ್ಲಿ ರಾಗಿ ಲೆಕ್ಕದಲ್ಲೇ ಇಲ್ಲ,
ತವರಿಂದ ಮೂಟೆ ಬರುತ್ತದೆ, ಅದಕ್ಕೆಲ್ಲಿಯ ಸಾಲು?
ಈ ಪುಸ್ತಕದ ಪ್ರಕಾರ ನೀವು ಮುದ್ದೆ ತಿನ್ನುವುದೇ ಇಲ್ಲ,
ಎಂದು ನಕ್ಕಳು.

ನೀರಿನ ಸಾಲಿಗೆ ಬಂದಾಗ ನಗು ನಿಂತಿತು.
ಅವರದು ಎರಡು ತಿಂಗಳಿಗೊಂದು ಚೀಟಿ.
ನಮ್ಮದು: ಟ್ಯಾಂಕರ್, ಟ್ಯಾಂಕರ್, ಟ್ಯಾಂಕರ್,
ಕುಡಿಯೋ ಕ್ಯಾನಿಗೆ ಐದರ ಬಿಲ್ಲೆ, ಮತ್ತೆ ಐದರ ಬಿಲ್ಲೆ,
ಮೋಟಾರು ಸುಟ್ಟದ್ದು, ಮೋಟಾರು ಎತ್ತಿದ ಕೂಲಿ.
ಕೂಡುತ್ತ ಕೂಡುತ್ತ ಬೆರಳು ನಿಲ್ಲಿಸಿ
ಗೋಡೆಯಾಚೆಯ ಬೋರ್‌ವೆಲ್ಲನ್ನೇ ನೋಡಿದಳು.
ಅಲ್ಲಿ ಚಳಿಗಾಲ ಪೂರ್ತಿ ಸೀಮೆಎಣ್ಣೆ,
ಒಲೆಗಲ್ಲ, ಬೆಚ್ಚಗಿರಲು;
ಸೂರಿನ ಹಿಮ ಕೆಡವುವ ಹುಡುಗನಿಗೆ ಕೂಲಿ.
ನೀರು ತಾನಾಗಿ ಮನೆ ಮೇಲೆ ಬಿದ್ದರೂ ಕಾಸೇ, ಎಂದೆ.

ಬಟ್ಟೆಯ ಸಾಲಲ್ಲಿ ರೇಷ್ಮೆ ಎರಡೂ ಕಡೆ ಸೊನ್ನೆ.
ಅವಳ ಊರಲ್ಲೂ ಹಿಪ್ಪುನೇರಳೆ ಇತ್ತಂತೆ;
ಅಜ್ಜಿ ಹುಳು ಮೇಯಿಸಿದ ಅಟ್ಟದಲ್ಲಿ ಈಗ ಹಳೇ ಸೈಕಲ್ಲು.
ನಾನು ಟನ್ನುಗಟ್ಟಲೆ ಗೂಡಿನ ತೂಕ ಬರೆದು
ಪಾಲಿಸ್ಟರ್ ಸೀರೆಯಲ್ಲಿ ಮನೆಗೆ ಬರುವವಳು.

ತಲೆಗಿಷ್ಟು ಅಂತ ಸರಾಸರಿ ತೆಗೆದಳು.
ಅಲ್ಲಿ ತಾಯಿ, ಚಿಕ್ಕಮ್ಮ, ಒಂದು ಬೆಕ್ಕು (ಬೆಕ್ಕಿಗೂ ಸಾಲಿತ್ತು);
ಇಲ್ಲಿ ಆರು ಜನ.
ನಮ್ಮತ್ತೆಯ ಎಲೆಅಡಿಕೆ ಆರು ಪಾಲಾಗಿ
ಮೂರನೇ ಕ್ಲಾಸಿನ ಮಗನ ಬಾಯಿಗೂ ಬಿತ್ತು,
ಅವನ ಟ್ಯೂಷನ್ನು ಅತ್ತೆಯ ತಲೆಗೆ.
ಸರಾಸರಿ ಅಂದರೆ ಹೀಗೇ, ಎಂದಳು.
ಸರಿ ಬಿಡು, ಎಂದೆ.

ಕೊನೆಯ ಪುಟ ದಾಟಿಸುವವಳಿದ್ದಳು. ಏನದು, ಎಂದೆ.
ಮದುವೆಗೆ, ಸಾವಿಗೆ ಲಕೋಟೆಯಲ್ಲಿಟ್ಟು ಕೊಟ್ಟದ್ದು, ಬಂದದ್ದು:
ಹೆಸರು, ತಾರೀಕು, ಮೊತ್ತ.
ಕಾಳಿನ ಕೈ ಸೆರಗಿಗೊರಸಿ ಒಳಗೆ ಹೋಗಿ
ಟ್ರಂಕಿನ ತಳದಿಂದ ಮುಯ್ಯಿ ಪುಸ್ತಕ ತಂದೆ.
ಗಂಜಿಗುಂಟೆ ವೆಂಕಟರವಣಮ್ಮ, ನೂರ ಒಂದು.
ರೀಲರ್ ಫಯಾಜ್ ಸಾಬರು, ಐನೂರ ಒಂದು, ಒಂದು ಸ್ಟೀಲ್ ಡಬರಿ.
ಈ ಒಂದು ಯಾಕೆ?
ಸೊನ್ನೆಗೆ ನಿಂತರೆ ಅಲ್ಲಿಗೆ ಮುಗೀತು ಅಂತ, ಅಂದೆ.
ಬಹಳ ಹೊತ್ತು ಸುಮ್ಮನಿದ್ದು,
ಮದುವೆ ಲಕೋಟೆಗೆ ನಾವೂ ಸರಿಸಂಖ್ಯೆ ಇಡುವುದಿಲ್ಲ,
ಎರಡಾಗಿ ಒಡೆಯಬಾರದು ಅಂತ, ಎಂದಳು.

ಅಷ್ಟರಲ್ಲಿ ಕರೆಂಟು ಬಂತು.

ಅವಳು ಹೋಗಿ ಮೂರು ವರ್ಷ. ಮಹಡಿಯಲ್ಲೀಗ ಬೆಸ್ಕಾಂ ಲೈನ್‌ಮನ್.
ಮುಯ್ಯಿ ಪುಸ್ತಕದಲ್ಲಿ, ಮಗಳ ಆರತಿಯ ಪುಟದಲ್ಲಿ:
ಶಶಿಯಮ್ಮ, ಮಹಡಿ ಮನೆ, ಸಾವಿರದ ಒಂದು.
ತೀರಿಸಬೇಕು. ಯಾವ ಶುಭಕ್ಕೆ, ಯಾವ ದರದಲ್ಲಿ?
ಪುಸ್ತಕ ತೆಗೆದಾಗಲೆಲ್ಲ ಆ ಸಾಲಿಗೆ
ಟಿಕ್ ಹಾಕದೆ ಪುಟ ತಿರುವುತ್ತೇನೆ.